ಪೆನ್ನಿನ ಕ್ಯಾಪ್ ತೆಗೆಯುವ ಮುನ್ನ: ಆಪ್ತಸಮಾಲೋಚನೆ ಕಲಿಯಲು ಹೊರಟವರಿಗೆ

ನನ್ನ ಹತ್ತಿರ ತರಬೇತಿಗೆ ಬರುವ ಎಂ.ಎಸ್ಸಿ. ಮಕ್ಕಳು ಮೊದಲ ವಾರವೇ ಕೇಳುತ್ತಾರೆ: "ಮೇಡಂ, ನೀವು ಯಾವ ಥಿಯರಿ ಫಾಲೋ ಮಾಡ್ತೀರಿ?" ಆ ವಾರ ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ಬರೆದುಕೊಳ್ಳುತ್ತಾರೆ, ಬರೆದುಕೊಂಡದ್ದನ್ನು ಪರೀಕ್ಷೆಯಲ್ಲಿ ಇಳಿಸುತ್ತಾರೆ. ಎದುರಿಗೆ ಒಬ್ಬರು ಬಂದು ಕೂತು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಅಳತೊಡಗಿದಾಗ ಅದರಲ್ಲಿ ಒಂದಕ್ಷರವೂ ನೆನಪಿಗೆ ಬರುವುದಿಲ್ಲ.

ನಾನು ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನಲವತ್ತೆರಡರಲ್ಲಿ, ಮಗಳ ಜೊತೆಯಲ್ಲೇ ಪರೀಕ್ಷೆಗೆ ಓದಿ ಸೈಕಾಲಜಿ ಮುಗಿಸಿದೆ. ಈಗ ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಕೂರುತ್ತೇನೆ. ಎರಡು ಬೆತ್ತದ ಕುರ್ಚಿ, ಒಂದು ಹೂಜಿ, ಒಂದು ಫ್ಯಾನು. ಕೆಳಗೆ ಡ್ರಿಲ್ ಶುರುವಾದರೆ ಮೇಲೆ ಮಾತು ನಿಲ್ಲುತ್ತದೆ. ಆ ಅರ್ಧ ನಿಮಿಷದ ಬಿಡುವಿನಲ್ಲಿ ಎಷ್ಟೋ ಜನ ಹೇಳಬೇಕೆಂದು ಬಂದದ್ದನ್ನು ಕಡೆಗೂ ಹೇಳಿದ್ದಾರೆ, ಹಾಗಾಗಿ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ.

ಮೊದಲು ನಿಮ್ಮ ಚಟ ಯಾವುದು ನೋಡಿಕೊಳ್ಳಿ

ಸಿದ್ಧಾಂತಗಳ ಪುಸ್ತಕ ಪಕ್ಕಕ್ಕಿಡಿ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಈಚೆಗೆ ನಿಮ್ಮ ಹತ್ತಿರ ಕಷ್ಟ ಹೇಳಿಕೊಂಡ ಐದು ಜನರನ್ನು ನೆನಪು ಮಾಡಿಕೊಳ್ಳಿ. ತಂಗಿ, ರೂಮ್‌ಮೇಟು, ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ, ಯಾರಾದರೂ ಸರಿ. ಅವರು ಹೇಳಿ ಮುಗಿಸಿದಾಗ ನಿಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು? ಅದೊಂದನ್ನೇ, ಆಡಿದ ಹಾಗೆಯೇ ಬರೆಯಿರಿ. ಚಂದ ಮಾಡಬೇಡಿ.

"ಹೋಗ್ಲಿ ಬಿಡು, ತಲೆಗೆ ಹಚ್ಕೋಬೇಡ" ಎಂದು ಬರೆದಿದ್ದರೆ ನೀವು ನೋವನ್ನು ನೋಡಲಾರದೆ ಮುಚ್ಚುವವರು. "ನನಗೂ ಹಾಗೇ ಆಗಿತ್ತು ಗೊತ್ತಾ" ಎಂದಿದ್ದರೆ ಅವರ ಕತೆಯ ಮೇಲೆ ನಿಮ್ಮ ಕತೆ ಹೊದಿಸುವವರು. "ಅವರು ಯಾಕೆ ಹಾಗಂದ್ರು? ಅದಕ್ಕೆ ಮುಂಚೆ ನೀನೇನಂದೆ?" ಅನ್ನುವವರು ಪೊಲೀಸರು. "ಅಯ್ಯೋ ಪಾಪ" ಅನ್ನುವವರು ಒಳ್ಳೆಯವರೇ, ಆದರೆ ಹಾಗೆನ್ನುವಾಗ ದಡದ ಮೇಲೆ ನಿಂತಿರುತ್ತಾರೆ. ನನ್ನ ಐದಕ್ಕೆ ಐದೂ "ನೀನು ಒಂದು ಕೆಲಸ ಮಾಡು" ಎಂದು ಶುರುವಾಗಿದ್ದವು. ಗಣಿತದ ಮೇಷ್ಟ್ರಿಗೆ ಲೆಕ್ಕ ಕಂಡರೆ ಬಿಡಿಸದೆ ಇರಲಾಗುವುದಿಲ್ಲ.

ಇದನ್ನೇ ಮೊದಲು ಮಾಡಿಸುವುದಕ್ಕೆ ಕಾರಣವಿದೆ. ಕೋಣೆಯಲ್ಲಿ ನೀವು ಗಲಿಬಿಲಿಯಾದ ಗಳಿಗೆಯಲ್ಲಿ ಓದಿದ್ದು ಹಿಂದೆ ಸರಿದು ಈ ಚಟ ಮುಂದೆ ಬರುತ್ತದೆ. ಬೇರೇನೂ ಕಲಿಯದಿದ್ದರೆ ಜೀವಮಾನವಿಡೀ ಇದೇ ನಿಮ್ಮ ಶೈಲಿ.

ಕೈ ಕಲ್ಲಾದ ಟೈಲರ್

ಒಬ್ಬರ ಕತೆ ಹೇಳುತ್ತೇನೆ. ನಿಜಕ್ಕೂ ಇವರು ಒಬ್ಬರಲ್ಲ. ಮೂರು ನಾಲ್ಕು ಜನರನ್ನು ಕಲಸಿ, ಊರು ಕಸುಬು ಬದಲಿಸಿ ಕಟ್ಟಿದ ಒಬ್ಬರು. ನೀವು ಮುಂದೆ ಎಲ್ಲಿ ಬರೆದರೂ ಹೀಗೇ ಮಾಡಬೇಕು.

ಪಕ್ಕದ ತಾಲೂಕಿನವರು, ಮೂವತ್ತೆಂಟು ವರ್ಷ. ಅಪ್ಪ ಇಟ್ಟ ಟೈಲರ್ ಅಂಗಡಿ ನಡೆಸುತ್ತಿದ್ದರು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಳತೆ ತೆಗೆಯುತ್ತಾರೆ, ಚಾಕಿನಲ್ಲಿ ಮಾರ್ಕ್ ಮಾಡುತ್ತಾರೆ, ಮಿಷನ್ ಮೇಲೆ ಕೂತರೆ ಹೊಲಿಗೆಯೂ ಸಲೀಸು. ಕಟಿಂಗ್ ಮಾತ್ರ ಆಗುವುದಿಲ್ಲ. "ಬಟ್ಟೆ ಮೇಲೆ ಕತ್ತರಿ ಇಟ್ರೆ ಕೈ ಕಲ್ಲಾಗುತ್ತೆ ಮೇಡಂ." ಮುಂದೆ ಮದುವೆ ಸೀಸನ್, ಅಂಗಡಿಯಲ್ಲಿ ಇಪ್ಪತ್ತಮೂರು ಬ್ಲೌಸ್ ಪೀಸ್ ಮಡಿಸಿದ ಹಾಗೇ ಕೂತಿದ್ದವು.

ನಾನೇನು ಮಾಡಿದೆ? ಪೆನ್ನಿನ ಕ್ಯಾಪ್ ತೆಗೆದೆ. ಕಟಿಂಗ್‌ಗೆ ಒಬ್ಬ ಹುಡುಗನನ್ನು ಇಟ್ಟುಕೊಂಡರೆ ಒಂದು ಬ್ಲೌಸಿಗೆ ಎಷ್ಟು ಕೊಡಬೇಕು, ಕೈಗೆ ಎಷ್ಟು ಉಳಿಯುತ್ತದೆ, ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅವರು "ಆಯ್ತು ಮೇಡಂ" ಅಂದರು, ಹಾಳೆ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು, ಮೂರು ವಾರ ಈ ಕಡೆ ತಲೆ ಹಾಕಲಿಲ್ಲ.

ನನ್ನ ಕೆಲಸ ನೋಡಿ ತಿದ್ದುತ್ತಿದ್ದ ಹಿರಿಯರ ಮುಂದೆ ಇದನ್ನೆಲ್ಲ ಒಪ್ಪಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅವರ ಅಪ್ಪ ಹೇಗೆ ತೀರಿಕೊಂಡರು?"

ನನಗೆ ಗೊತ್ತಿರಲಿಲ್ಲ. ಕಟಿಂಗ್ ಹುಡುಗನ ಕೂಲಿ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ನಾಲ್ಕನೇ ವಾರ ಅವರು ಮತ್ತೆ ಬಂದದ್ದು ನನ್ನ ಪುಣ್ಯ. ಆ ದಿನ ಕೇಳಿದೆ. ಅಪ್ಪ ಕಟಿಂಗ್ ಟೇಬಲ್ಲಿನ ಮೇಲೇ ಕುಸಿದಿದ್ದರಂತೆ. ಕೈಯಲ್ಲಿ ಕತ್ತರಿ, ಟೇಬಲ್ ಮೇಲೆ ಹಸಿರು ರೇಷ್ಮೆ, ಒಂದು ತೋಳು ಕತ್ತರಿಸಿ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಆ ಬಟ್ಟೆ ಇನ್ನೂ ಬೀರುವಿನಲ್ಲಿದೆ. ಬಟ್ಟೆಯವರು ಕೇಳಲು ಬಂದಿಲ್ಲ, ಇವರು ಕೊಡಲು ಹೋಗಿಲ್ಲ.

ಒಂದೇ ಕತ್ತರಿ, ಬೇರೆ ಬೇರೆ ಪ್ರಶ್ನೆ

ಸಿದ್ಧಾಂತ ಅಂದರೆ ಉತ್ತರಗಳ ಪಟ್ಟಿ ಎಂದುಕೊಂಡಿರುತ್ತೇವೆ. ಅದನ್ನು ಒಂದು ಬಗೆಯ ಪ್ರಶ್ನೆ ಎಂದುಕೊಂಡು ಓದಿ, ಸುಲಭವಾಗುತ್ತದೆ. ಈ ಟೈಲರನ್ನೇ ಮುಂದಿಟ್ಟುಕೊಂಡು ನೋಡೋಣ.

ವಿಯೆನ್ನಾದ ಫ್ರಾಯ್ಡ್ ಹಾದಿಯವರು, ಅಂದರೆ ಮನೋವಿಶ್ಲೇಷಣೆಯವರು, ಕೇಳುವುದು: ಇಲ್ಲಿ ಹಳೆಯದು ಯಾವುದು ಮತ್ತೆ ನಡೆಯುತ್ತಿದೆ? ಅಪ್ಪ ಕಲಿಸುವಾಗ ಬಟ್ಟೆ ಹಾಳು ಮಾಡಿದರೆ ಸ್ಕೇಲಿನಲ್ಲಿ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು, ಇವರು ತಲೆ ತಗ್ಗಿಸಿ "ಆಯ್ತಪ್ಪ" ಅನ್ನುತ್ತಿದ್ದರು. ಈಗ ನನ್ನ ಮುಂದೆ "ಆಯ್ತು ಮೇಡಂ". ಎಲ್ಲೋ ಕಲಿತ ಸಂಬಂಧವನ್ನು ತಂದು ನಮ್ಮ ಮೇಲೆ ಹೊದಿಸುವ ಇದಕ್ಕೆ ವರ್ಗಾವಣೆ ಎನ್ನುತ್ತಾರೆ. ನೀವು ಮನೋವಿಶ್ಲೇಷಣೆ ಮಾಡದೆ ಇರಬಹುದು, ಇದನ್ನು ಗುರುತಿಸಲಂತೂ ಕಲಿಯಲೇಬೇಕು. ಅಂದಹಾಗೆ ಈ ವಿದ್ಯೆ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಫ್ರಾಯ್ಡ್ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡು, ವಾದವನ್ನೂ ಮಾಡಿದ ಗಿರೀಂದ್ರಶೇಖರ್ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಪ್ರಶ್ನೆಯೇ ಬೇರೆ: ಈ ಮನುಷ್ಯ ತಾನಾಗಿ ಬೆಳೆಯದಂತೆ ಯಾವುದು ತಡೆದಿದೆ? 1957ರ ಲೇಖನವೊಂದರಲ್ಲಿ ಅವರು ಬದಲಾವಣೆಗೆ ಬೇಕಾದ ಷರತ್ತುಗಳನ್ನು ಬರೆದರು. ಅದರಲ್ಲಿ ಸಮಾಲೋಚಕರ ಕಡೆಯಿಂದ ಆಗಬೇಕಾದವು ಮೂರು. ನಾಟಕವಾಡದೆ ತಾನು ತಾನಾಗಿರುವುದು, ಎದುರಿನವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ಅವರ ಲೋಕವನ್ನು ಅವರ ಕಣ್ಣಿನಿಂದ ಕಾಣುವುದು. ಓದುವಾಗ "ಇಷ್ಟೇನಾ?" ಅನ್ನಿಸುತ್ತದೆ. ಮಾಡಲು ಕೂತಾಗ ಗೊತ್ತಾಗುತ್ತದೆ. ಹಸಿರು ರೇಷ್ಮೆಯ ಮಾತು ಬಂದ ದಿನ ನಾನು ಮಾಡಿದ್ದು ಇಷ್ಟೇ: "ಆ ಬಟ್ಟೇನ ಇನ್ನೂ ಇಟ್ಕೊಂಡಿದೀರಿ" ಅಂದೆ, ಸುಮ್ಮನಾದೆ. ಅವರು ಹನ್ನೆರಡು ನಿಮಿಷ ಅತ್ತರು. ಪೆನ್ನು ಮುಟ್ಟದೆ ಕೂತ ಆ ಹನ್ನೆರಡು ನಿಮಿಷ ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸಗಳಲ್ಲಿ ಒಂದು.

ಅರಿವು ಮತ್ತು ವರ್ತನೆಯ ಹಾದಿಯವರು, ಅಂದರೆ ಸಿ.ಬಿ.ಟಿ. ಅನ್ನುತ್ತೇವಲ್ಲ ಅದು, ಕೇಳುವುದು: ಕತ್ತರಿ ಎತ್ತಿದಾಗ ತಲೆಯಲ್ಲಿ ಹಾದುಹೋಗುವ ಮಾತು ಯಾವುದು? ಆಲ್ಬರ್ಟ್ ಎಲ್ಲಿಸ್ 1955ರ ಸುಮಾರಿಗೆ ಈ ದಾರಿ ತೆರೆದರು. ಏರನ್ ಬೆಕ್ 1960ರ ದಶಕದಲ್ಲಿ, ಖಿನ್ನತೆಯ ರೋಗಿಗಳ ಮೂಲಕ ಹೆಚ್ಚುಕಡಿಮೆ ಇಲ್ಲಿಗೇ ಬಂದು ಸೇರಿದರು; ಅವರು ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದು, ಅದನ್ನು ಪರೀಕ್ಷೆಗೊಡ್ಡಲು ಹೋಗಿ ಅದರಿಂದ ಆಚೆ ಬಂದವರು. ನಮ್ಮ ಟೈಲರ ತಲೆಯಲ್ಲಿದ್ದ ಮಾತು: "ಒಂದು ಪೀಸ್ ಹಾಳಾದ್ರೆ ಅಪ್ಪನ ಹೆಸರು ಹೋಯ್ತು. ನಾಲ್ಕು ಜನ ಏನಂತಾರೆ?"

ಈ ನಾಲ್ಕು ಜನ ಕರ್ನಾಟಕದ ಪ್ರತಿ ಮನೆಯಲ್ಲೂ ಬಾಡಿಗೆ ಕೊಡದೆ ಇದ್ದಾರೆ. ನಾನು ಒಂದು ಹಾಳೆ ಕೊಟ್ಟು "ಆ ನಾಲ್ಕು ಜನರ ಹೆಸರು ಬರೀರಿ" ಅನ್ನುತ್ತೇನೆ. ಟೈಲರ್ ಇಬ್ಬರ ಹೆಸರು ಬರೆದು ನಿಂತರು. ಒಬ್ಬರು ಅಣ್ಣ. ಇನ್ನೊಬ್ಬರು ಅಪ್ಪ.

ಇದೇ ಹಾದಿಯ ವರ್ತನೆಯ ಭಾಗ ಇನ್ನೂ ಸರಳ: ಹೆದರಿದ್ದನ್ನು ಚೂರು ಚೂರಾಗಿ ಮಾಡುವುದು. ನಾವಿಬ್ಬರೂ ಸೇರಿ ಒಂದು ಏಣಿ ಮಾಡಿದೆವು. ಮೊದಲ ವಾರ ಹಳೆ ಪೇಪರಿನ ಮೇಲೆ ಮಾರ್ಕ್ ಹಾಕಿ ಕತ್ತರಿಸುವುದು. ಆಮೇಲೆ ಲೈನಿಂಗ್ ಬಟ್ಟೆ. ಆಮೇಲೆ ತಮ್ಮದೇ ಹತ್ತಿ ಬ್ಲೌಸು. ಆಮೇಲೆ ಗಿರಾಕಿಗಳ ಹತ್ತಿ, ಕಡೆಗೆ ರೇಷ್ಮೆ. ಪ್ರತಿ ಮೆಟ್ಟಿಲಿನಲ್ಲೂ ಕೈ ಕಲ್ಲಾದರೆ ಕತ್ತರಿ ಕೆಳಗಿಟ್ಟು ಓಡಬಾರದು, ಅಲ್ಲೇ ನಿಂತು ಕಲ್ಲು ಸಡಿಲವಾಗುವವರೆಗೆ ಕಾಯಬೇಕು. ಲೈನಿಂಗ್ ಬಟ್ಟೆಯಲ್ಲೇ ಎರಡು ವಾರ ಹೋಯಿತು. ಹೋಗಲಿ ಎಂದು ಬಿಟ್ಟೆವು.

ಆಸ್ಟ್ರೇಲಿಯಾದ ಮೈಕೇಲ್ ವೈಟ್, ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಕಟ್ಟಿದ ಕಥನ ಚಿಕಿತ್ಸೆಯಲ್ಲಿ ಸಮಸ್ಯೆಯನ್ನು ಮನುಷ್ಯನಿಂದ ಬಿಡಿಸಿ ಹೊರಗೆ ಕೂರಿಸುತ್ತಾರೆ. "ನೀವು ಯಾವಾಗ ಹೆದರ್ತೀರಿ?" ಅನ್ನುವ ಬದಲು "ಈ ಕಲ್ಲು ಯಾವಾಗ ಬರುತ್ತೆ, ಯಾವಾಗ ಬರಲ್ಲ?" ಎಂದು ಕೇಳಿ. ಮಗಳ ಯೂನಿಫಾರ್ಮ್ ಕತ್ತರಿಸುವಾಗ ಬರುವುದಿಲ್ಲವಂತೆ! ಎಂಟು ತಿಂಗಳಲ್ಲಿ ಅದನ್ನು ಅವರೂ ಗಮನಿಸಿರಲಿಲ್ಲ.

ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ರೂಪಿಸಿದ ಪರಿಹಾರ ಕೇಂದ್ರಿತ ಪದ್ಧತಿಯಲ್ಲಿ ಪ್ರಸಿದ್ಧವಾದದ್ದು ಪವಾಡದ ಪ್ರಶ್ನೆ: ರಾತ್ರಿ ಮಲಗಿದ್ದಾಗ ಪವಾಡ ನಡೆದು ಸಮಸ್ಯೆ ಮಾಯವಾಗಿದ್ದರೆ ಬೆಳಿಗ್ಗೆ ಏನು ಬದಲಾಗಿರುತ್ತದೆ? ಪುಸ್ತಕದಲ್ಲಿದ್ದ ಹಾಗೇ ಕನ್ನಡದಲ್ಲಿ ಕೇಳಿ ನಾನು ಪೇಚಿಗೆ ಸಿಕ್ಕಿದ್ದೇನೆ. ಪವಾಡ ಅಂದ ತಕ್ಷಣ ಜನ ಕೈ ಮುಗಿದು ಮನೆದೇವರ ಕತೆಗೆ ಹೋಗುತ್ತಾರೆ. ಈಗ ಹೀಗೆ ಕೇಳುತ್ತೇನೆ: "ನಾಳೆ ಬೆಳಿಗ್ಗೆ ಷಟರ್ ಎತ್ತಿದಾಗ ಕಲ್ಲು ಇಲ್ಲ ಅಂದ್ಕೊಳ್ಳಿ. ಮೊದಲು ಯಾರಿಗೆ ಗೊತ್ತಾಗುತ್ತೆ?" ಟೈಲರ್ ಒಂದು ಗಳಿಗೆ ಯೋಚಿಸಿ, "ಎದುರಿಗೆ ಹೂ ಕಟ್ಟೋಳಿಗೆ ಮೇಡಂ. ಕತ್ತರಿ ಸದ್ದು ಕೇಳುತ್ತಲ್ಲ" ಅಂದರು.

ಇನ್ನು ಕುಟುಂಬವನ್ನೇ ಒಟ್ಟಾಗಿ ನೋಡುವ ಹಾದಿಯವರು ಕೇಳುತ್ತಾರೆ: ಇವರ ಕೈ ಕಲ್ಲಾದರೆ ಮನೆಯಲ್ಲಿ ಯಾರಿಗೆ ಏನಾಗುತ್ತದೆ? ಅಣ್ಣನಿಗೆ ಆ ಅಂಗಡಿ ಜಾಗ ಮಾರುವ ಮನಸ್ಸಿತ್ತು. ಇಷ್ಟು ಹೇಳಿದರೆ ನಿಮಗೆ ಉಳಿದದ್ದು ಹೊಳೆದಿರಬೇಕು. ನಮ್ಮಲ್ಲಿ ಸಮಾಲೋಚನೆಗೆ ಒಬ್ಬರೇ ಬರುವುದು ಅಪರೂಪ. ಹೊರಗೆ ಬೆಂಚಿನ ಮೇಲೆ ಅತ್ತೆಯೋ ಭಾವಮೈದುನನೋ ಕೂತೇ ಇರುತ್ತಾರೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆವರಣದಲ್ಲೇ ಟೆಂಟು ಹಾಕಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ಬೆಂಚಿನ ಮೇಲಿರುವವರನ್ನು ಅಡ್ಡಿ ಎಂದುಕೊಳ್ಳುವ ಮುನ್ನ ಇದನ್ನು ನೆನೆಸಿಕೊಳ್ಳಿ. ಆದರೆ ಟೈಲರ ಒಪ್ಪಿಗೆ ಇಲ್ಲದೆ ಅಣ್ಣನ ಜೊತೆ ಒಂದು ಮಾತೂ ಆಡುವ ಹಾಗಿಲ್ಲ.

ಹಾಗಾದರೆ ಯಾವುದು ಸರಿ?

ಸಾಲ್ ರೋಸೆನ್‌ಜ್ವೈಗ್ ಎಂಬುವರು 1936ರಷ್ಟು ಹಿಂದೆಯೇ ಒಂದು ಮಾತು ಎತ್ತಿದ್ದರು. ಒಂದಕ್ಕೊಂದು ಹೊಂದದ ಪದ್ಧತಿಗಳೆಲ್ಲ ಗುಣ ಕೊಡುತ್ತಿವೆ ಅಂದಮೇಲೆ, ಅವುಗಳೆಲ್ಲದರಲ್ಲೂ ಸಮನಾಗಿರುವ ಏನೋ ಕೆಲಸ ಮಾಡುತ್ತಿರಬೇಕಲ್ಲ? ಆ ವಾದ ಇವತ್ತಿಗೂ ಮುಗಿದಿಲ್ಲ. ನನಗೆ ದಿನನಿತ್ಯ ಉಪಯೋಗಕ್ಕೆ ಬರುವುದು ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಹೇಳಿದ್ದು. ಕೆಲಸ ಆಗಬೇಕಾದರೆ ಇಬ್ಬರಿಗೂ ಮೂರು ವಿಷಯದಲ್ಲಿ ಕೂಡಿ ಬರಬೇಕು: ಎಲ್ಲಿಗೆ ಹೋಗುತ್ತಿದ್ದೇವೆ, ಅಲ್ಲಿಗೆ ಹೋಗಲು ಏನು ಮಾಡುತ್ತಿದ್ದೇವೆ, ನಮ್ಮ ನಡುವೆ ನಂಬಿಕೆ ಇದೆಯೇ. ನನ್ನ ಮೊದಲ ದಿನದ ಲೆಕ್ಕ ಯಾಕೆ ಕೈಕೊಟ್ಟಿತು ಎಂದು ಈಗ ಹೇಳಬಲ್ಲೆ. ಅವರಿಗೆ ಬೇಕಿದ್ದದ್ದು ಬ್ಲೌಸು ಮುಗಿಯುವುದಲ್ಲ, ತಾವು ಮತ್ತೆ ಕತ್ತರಿ ಹಿಡಿಯುವುದು. ಇಬ್ಬರೂ ಬೇರೆ ಬೇರೆ ಊರಿನ ಬಸ್ಸು ಹತ್ತಿದ್ದೆವು.

ಹಾಗಂತ ಎಲ್ಲವೂ ಎಲ್ಲಕ್ಕೂ ಒಂದೇ ಎನ್ನಬೇಡಿ. ಗೀಳು ರೋಗದಲ್ಲಿ ನೂರು ಸಲ ಕೈ ತೊಳೆಯುವವರ ಮುಂದೆ ಬರೀ ಪ್ರೀತಿಯಿಂದ ಕೂತರೆ ಸಾಲದು. ಭಯವನ್ನು ಎದುರಿಸಿ, ತೊಳೆಯದೆ ತಡೆದುಕೊಳ್ಳುವ ವ್ಯವಸ್ಥಿತ ಅಭ್ಯಾಸ ಬೇಕು. ಅದು ಬಾರದಿದ್ದರೆ ಬರುವವರ ಹತ್ತಿರ ಕಳಿಸಿ.

ನಿಮ್ಮ ತವರು ಆರಿಸುವುದು

ಒಂದು ಸಿದ್ಧಾಂತವನ್ನು ತವರು ಮಾಡಿಕೊಳ್ಳಿ. ಕನಿಷ್ಠ ಎರಡು ವರ್ಷ ಅದರಲ್ಲೇ ಇರಿ. ಶುರುವಿನಲ್ಲೇ "ನಾನು ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ತಗೊಳ್ತೀನಿ" ಅನ್ನುವವರು ನನ್ನ ಅನುಭವದಲ್ಲಿ ಯಾವುದನ್ನೂ ಪೂರ್ತಿ ಓದಿರುವುದಿಲ್ಲ.

ಆರಿಸುವುದು ಹೇಗೆ? ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಮೂರು ಪ್ರಶ್ನೆ ಬರೆಯಿರಿ. ಜನ ಯಾಕೆ ನರಳುತ್ತಾರೆ? ಜನ ಹೇಗೆ ಬದಲಾಗುತ್ತಾರೆ? ಅದರಲ್ಲಿ ನನ್ನ ಕೆಲಸ ಏನು? ಪುಸ್ತಕ ನೋಡದೆ, ನಿಮ್ಮ ಅಜ್ಜಿ, ಅಪ್ಪ, ನೀವು, ನಿಜವಾಗಿ ಬದಲಾದದ್ದನ್ನು ಕಂಡ ಯಾರಾದರೊಬ್ಬರನ್ನು ನೆನೆದು ಉತ್ತರಿಸಿ. ಆಮೇಲೆ ಆ ಉತ್ತರ ಯಾರ ಮಾತಿಗೆ ಹತ್ತಿರ ಎಂದು ಪುಸ್ತಕದಲ್ಲಿ ಹುಡುಕಿ.

ಸಿದ್ಧಾಂತ ಕಟ್ಟಿದವರೂ ಹೀಗೇ ತಮ್ಮ ಬದುಕಿನಿಂದಲೇ ಕಟ್ಟಿದ್ದು. ಫ್ರಾಯ್ಡ್ ಬಳಗದಲ್ಲಿದ್ದು ಆಮೇಲೆ ಬೇರೆಯಾದ ಆಲ್ಫ್ರೆಡ್ ಆಡ್ಲರ್ ಎಳವೆಯಲ್ಲಿ ಕಾಯಿಲೆಯ ಮಗು. ದೊಡ್ಡವರಾಗಿ ಕೀಳರಿಮೆಯ ಬಗ್ಗೆ ಬರೆದರು. ಎಲ್ಲಿಸ್ ಹುಡುಗನಾಗಿದ್ದಾಗ ಹೆಣ್ಣುಮಕ್ಕಳ ಜೊತೆ ಮಾತಾಡಲು ನಾಚಿ ಸಾಯುತ್ತಿದ್ದವರು, ನ್ಯೂಯಾರ್ಕಿನ ಸಸ್ಯೋದ್ಯಾನದ ಬೆಂಚುಗಳ ಮೇಲೆ ಕೂತ ನೂರು ಮಂದಿಯನ್ನು ಹಟ ಹಿಡಿದು ಮಾತಾಡಿಸಿ ಅಂಜಿಕೆ ಕಳೆದುಕೊಂಡರು. ಅವರ ಪದ್ಧತಿಯಲ್ಲಿ ಹೋಂವರ್ಕ್ ಇರುವುದು ಸುಮ್ಮನೆ ಅಲ್ಲ. ರೋಜರ್ಸ್ ಹೊಲದ ಮನೆಯಲ್ಲಿ ಬೆಳೆದು ಕೃಷಿ ಓದಲು ಕಾಲೇಜು ಸೇರಿದವರು. ನೆಲಮಾಳಿಗೆಯ ಕತ್ತಲಲ್ಲಿಟ್ಟ ಆಲೂಗೆಡ್ಡೆ ಕೂಡ ಮೇಲಿನ ಕಿರುಕಿಟಕಿಯ ಬೆಳಕಿನ ಕಡೆ ಬಿಳಿಚಿದ ಮೊಳಕೆ ಚಾಚುತ್ತಿದ್ದುದನ್ನು ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದರು. ನನ್ನ ತವರು ಹಾಸನದ ಕಡೆ. ಮಂಚದ ಕೆಳಗೆ ಹರಡಿದ ಆಲೂಗೆಡ್ಡೆ ಮೊಳಕೆ ಬಂದದ್ದನ್ನು ಕಿತ್ತು ಕಿತ್ತು ಬೆಳೆದವಳು ನಾನು. ಈ ಸಾಲು ಓದಿದ ದಿನ ಅವರು ನನಗೆ ದೊಡ್ಡಪ್ಪನ ಹಾಗೆ ಕಂಡರು.

ಇಲ್ಲಿ ನನ್ನದೊಂದು ತಕರಾರಿದೆ. "ನಿಮ್ಮ ಸ್ವಭಾವಕ್ಕೆ ಒಗ್ಗುವ ಸಿದ್ಧಾಂತ ಆರಿಸಿ" ಎಂದು ಕ್ಲಾಸಿನಲ್ಲಿ ಹೇಳುತ್ತಾರೆ. ಅರ್ಧ ಸರಿ. ನನ್ನ ಸ್ವಭಾವಕ್ಕೆ ಒಗ್ಗುತ್ತಿದ್ದುದು ಸಿ.ಬಿ.ಟಿ.ಯೇ, ಕಾಲಂ, ಗೆರೆ, ಹಾಳೆ, ಹೋಂವರ್ಕು, ಎಲ್ಲ ಮೇಷ್ಟ್ರಿಗೆ ಹೇಳಿ ಮಾಡಿಸಿದ್ದು. ಅದನ್ನೇ ತವರು ಮಾಡಿಕೊಂಡಿದ್ದರೆ ಉಪದೇಶದ ಚಟಕ್ಕೆ ಸರ್ಟಿಫಿಕೇಟ್ ಸಿಕ್ಕಂತಾಗುತ್ತಿತ್ತು. ಹಾಗಾಗಿ ನನಗೆ ಕಷ್ಟವಾಗುವ ರೋಜರ್ಸ್ ಮನೆಯಲ್ಲಿ ನೆಲೆ ನಿಂತೆ, ಸಿ.ಬಿ.ಟಿ.ಗೆ ನೆಂಟಳಾಗಿ ಹೋಗಿ ಬರುತ್ತೇನೆ. ಮೊದಲ ಪುಟದಲ್ಲಿ ಬರೆದ ಚಟವನ್ನು ಮತ್ತೆ ತೆಗೆದು ನೋಡಿ. ಅದನ್ನು ತಿದ್ದುವ ಸಿದ್ಧಾಂತ ಯಾವುದು? ನೋವು ಮುಚ್ಚುವವರು ಭಾವನೆಯ ಜೊತೆ ಕೂರುವುದನ್ನು ಕಲಿಯಿರಿ. ಬರೀ ಕೇಳುತ್ತಾ ಕೂರುವ, ಏನನ್ನೂ ಪ್ರಶ್ನಿಸಲು ಸಂಕೋಚಪಡುವ ಮೃದು ಜೀವಿಗಳು ಎಲ್ಲಿಸ್ ಹತ್ತಿರ ಆರು ತಿಂಗಳು ಇದ್ದು ಬನ್ನಿ.

ಮೂರು ಶೈಲಿಯನ್ನು ಒಟ್ಟಿಗೆ ನೋಡಬೇಕಾದರೆ 1965ರ ಒಂದು ತರಬೇತಿ ಚಿತ್ರವಿದೆ. ಗ್ಲೋರಿಯಾ ಎಂಬ ಒಬ್ಬರೇ ಹೆಂಗಸು ರೋಜರ್ಸ್, ಈ ಗಳಿಗೆಯ ಅನುಭವಕ್ಕೇ ಒತ್ತು ಕೊಡುವ ಗೆಸ್ಟಾಲ್ಟ್ ಪದ್ಧತಿಯ ಫ್ರಿಟ್ಜ್ ಪರ್ಲ್ಸ್, ಎಲ್ಲಿಸ್ ಮೂವರ ಜೊತೆಯೂ ಮಾತಾಡುತ್ತಾರೆ. ಸಿಕ್ಕರೆ ಮೊದಲು ಸದ್ದು ಬಂದ್ ಮಾಡಿ ನೋಡಿ. ಯಾರು ಮುಂದೆ ಬಾಗುತ್ತಾರೆ, ಯಾರ ಕೈ ಎಷ್ಟು ಆಡುತ್ತದೆ, ಆಕೆಯ ಮುಖ ಯಾರ ಮುಂದೆ ಹೇಗಾಗುತ್ತದೆ. ಸಿದ್ಧಾಂತ ಮೈಯಲ್ಲಿ ಹೇಗೆ ಕೂರುತ್ತದೆ ಎಂದು ಕಾಣುತ್ತದೆ.

ಕನ್ನಡದಲ್ಲಿ ಕೇಳುವುದು

ಪುಸ್ತಕ ಇಂಗ್ಲಿಷಿನಲ್ಲಿ, ಬರುವವರು ಕನ್ನಡದಲ್ಲಿ. ಇದರ ಬಗ್ಗೆ ಕ್ಲಾಸಿನಲ್ಲಿ ಯಾರೂ ಹೇಳಿಕೊಡಲಿಲ್ಲ, ನಾನು ಎಡವಿ ಎಡವಿ ಕಲಿತೆ.

"ನಿಮಗೆ ಏನನ್ನಿಸುತ್ತೆ?" ಎಂದು ಕೇಳಿದರೆ ಕನ್ನಡದವರು ಅಭಿಪ್ರಾಯ ಹೇಳುತ್ತಾರೆ, ಭಾವನೆ ಹೇಳುವುದಿಲ್ಲ. "ಅವರು ಮಾಡಿದ್ದು ತಪ್ಪು ಅನ್ನಿಸುತ್ತೆ ಮೇಡಂ." ಭಾವನೆ ಬೇಕಿದ್ದರೆ ಮೈ ಕೇಳಿ. "ಆಗ ಹೊಟ್ಟೇಲಿ ಏನಾಯ್ತು?" "ಜೀವಕ್ಕೆ ಹೇಗಾಯ್ತು?" ನಮ್ಮ ಭಾವನೆಯೆಲ್ಲ ಮೈಯಲ್ಲೇ ಇದೆ: ಎದೆ ಡವಡವ, ಹೊಟ್ಟೆ ಉರಿ, ಕರುಳು ಕಿವುಚಿದ ಹಾಗೆ, ತಲೆ ಧಿಮ್. ಟೈಲರ ಕಲ್ಲೂ ಹಾಗೇ ಬಂದದ್ದು.

"ಬೇಜಾರು" ಎಂಬ ಪದವನ್ನು ಹಾಗೇ ಬಿಡಬೇಡಿ. ದುಃಖ, ಸಿಟ್ಟು, ದಣಿವು, ಒಂಟಿತನ, ಮಾಡಲು ಏನೂ ಇಲ್ಲದಿರುವುದು, ಎಲ್ಲಕ್ಕೂ ನಾವು ಬೇಜಾರು ಅನ್ನುತ್ತೇವೆ. "ಬೇಜಾರು ಅಂದ್ರೆ ಅಳು ಬರೋ ಬೇಜಾರಾ, ಬೈಬೇಕು ಅನ್ನೋ ಬೇಜಾರಾ, ಸಾಕಪ್ಪಾ ಅನ್ನೋ ಬೇಜಾರಾ?" ಎಂದು ಕೇಳಿ. ಮೂರನೆಯದು ಬಂದರೆ ನಿಲ್ಲಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ. "ಟೆನ್ಷನ್" ಪದವನ್ನೂ ಹೀಗೇ ಬಿಡಿಸಿ.

"ಹೂಂ"ಗಳಲ್ಲಿ ನಾಲ್ಕೈದು ಬಗೆಯಿದೆ. ನಿಜವಾದ ಹೂಂ ತಡವಾಗಿ ಬರುತ್ತದೆ, ಅದರ ಹಿಂದೆ ಒಂದು ಮಾತೂ ಬರುತ್ತದೆ. ಬೇಗ ಬಂದು, "ಮೇಡಂ" ಅಂಟಿಸಿಕೊಂಡಿದ್ದರೆ ಅವರು ಆಗಲೇ ಎದ್ದು ಹೋದ ಹಾಗೆ. ಕುರ್ಚಿಯ ಮೇಲೆ ಮೈ ಮಾತ್ರ ಇರುತ್ತದೆ.

ಏಕವಚನ, ಬಹುವಚನದ ವಿಷಯ. ಪಿಯು ಮಕ್ಕಳಿಗೂ ನಾನು ಮೊದಲ ದಿನ "ನೀವು" ಅನ್ನುತ್ತೇನೆ. ಅವರೇ "ನೀನು ಅನ್ನಿ ಮೇಡಂ" ಅಂದರೆ ಬದಲಿಸುತ್ತೇನೆ. ನನ್ನನ್ನು "ಅಕ್ಕ" ಎಂದು ಕರೆದರೆ ತಡೆಯುವುದಿಲ್ಲ. ಅಕ್ಕ ಅಂದಮೇಲೆ ದುಡ್ಡು ಕೇಳುವುದು, ಮದುವೆಗೆ ಕರೆಯುವುದು ಬರುತ್ತದೆ, ಅದಕ್ಕೆ ಉತ್ತರ ಸಿದ್ಧವಿಟ್ಟುಕೊಳ್ಳಬೇಕು ಅಷ್ಟೆ. ಮದುವೆಗೆ ನಾನು ಹೋಗುವುದಿಲ್ಲ. "ಅಲ್ಲಿ ನಾನು ಯಾರು ಅಂತ ಹೇಳ್ತೀರಿ?" ಎಂದು ಕೇಳಿದರೆ ಅವರಿಗೇ ಅರ್ಥವಾಗುತ್ತದೆ.

ಉಪದೇಶವನ್ನು ನಿರೀಕ್ಷಿಸಿಯೇ ಬರುವವರು ನಮ್ಮಲ್ಲಿ ಹೆಚ್ಚು, ಇದನ್ನು ಮರೆಯಬೇಡಿ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ, ಭಾರತದಲ್ಲಿ ಚಿಕಿತ್ಸಕ ಮತ್ತು ರೋಗಿಯ ಸಂಬಂಧಕ್ಕೆ ಗುರು–ಚೇಲಾ ಸಂಬಂಧವೇ ಮಾದರಿಯಾಗಬಹುದೇ ಎಂಬ ಪ್ರಶ್ನೆ ಎತ್ತಿದ್ದರು. "ನಾನು ಸಲಹೆ ಕೊಡುವುದಿಲ್ಲ" ಎಂದು ಬಿಗಿಯಾಗಿ ಕೂತರೆ ಎಂಬತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದವರಿಗೆ ಅವಮಾನವಾಗುತ್ತದೆ. ನಾನು ಹೇಳುವುದು: "ನನಗೆ ತೋಚಿದ್ದು ಕೊನೆಗೆ ಹತ್ತು ನಿಮಿಷದಲ್ಲಿ ಹೇಳ್ತೀನಿ. ಅಲ್ಲಿ ತನಕ ನಿಮಗೆ ತೋಚಿದ್ದು ಕೇಳ್ಬೇಕು." ಬಹಳ ಸಲ ಆ ಕೊನೆಯ ಹತ್ತು ನಿಮಿಷ ಬೇಕೇ ಆಗುವುದಿಲ್ಲ.

ಸಾಲ ತರುವಾಗ

ತವರು ಗಟ್ಟಿಯಾದ ಮೇಲೆ ಬೇರೆ ಕಡೆಯಿಂದ ಧಾರಾಳವಾಗಿ ತನ್ನಿ. ಆರ್ನಾಲ್ಡ್ ಲಜಾರಸ್ ಇದಕ್ಕೊಂದು ದಾರಿ ಹಾಕಿಕೊಟ್ಟಿದ್ದಾರೆ: ತಂತ್ರವನ್ನು ಯಾರಿಂದ ಬೇಕಾದರೂ ತಗೊಳ್ಳಿ, ಅದರ ಜೊತೆ ಅವರ ಸಿದ್ಧಾಂತವನ್ನೂ ಒಪ್ಪಿಕೊಳ್ಳಬೇಕೆಂದೇನಿಲ್ಲ. ನನ್ನ ನಿಯಮ ಒಂದೇ. ತಂದದ್ದನ್ನು ಬಳಸುವ ಮುನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲು, "ಇದು ಇವರಿಗೆ ಈಗ ಯಾಕೆ?" ಉತ್ತರ ಬರೆಯಲಾಗದಿದ್ದರೆ ಅದು ಅವರಿಗಲ್ಲ, ನನ್ನ ಬೇಸರ ಕಳೆಯಲು. ಪರ್ಲ್ಸ್ ಪದ್ಧತಿಯ ಖಾಲಿ ಕುರ್ಚಿಯನ್ನು ಟೈಲರ ಮುಂದೆ ಇಟ್ಟು "ಅಪ್ಪನ ಜೊತೆ ಮಾತಾಡಿ" ಅನ್ನಲು ನನಗೆ ಬಹಳ ಆಸೆಯಿತ್ತು. ಆ ಸಾಲು ಬರೆಯಲು ಹೋದೆ, ಆಗಲಿಲ್ಲ. ಅವರು ಅಪ್ಪನ ಜೊತೆ ದಿನವೂ ಮಾತಾಡುತ್ತಲೇ ಇದ್ದರು, ಅಂಗಡಿ ದೀಪ ಹಚ್ಚುವಾಗ. ಕುರ್ಚಿ ಬೇಕಿದ್ದದ್ದು ನನಗೆ.

ಹತ್ತು ನಿಮಿಷ, ಎರಡು ಬಣ್ಣ

ಶೈಲಿ ತಿದ್ದಲು ಇದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಗೊತ್ತಿಲ್ಲ. ಸಹಪಾಠಿಯೊಬ್ಬರನ್ನು ಕೂರಿಸಿಕೊಂಡು ಹತ್ತು ನಿಮಿಷದ ಅಭ್ಯಾಸ ಮಾತುಕತೆ ರೆಕಾರ್ಡ್ ಮಾಡಿ. ನಿಜವಾದ ಕ್ಲೈಂಟ್ ಆದರೆ ಬರಹದಲ್ಲಿ ಒಪ್ಪಿಗೆ ಬೇಕು. ಆಮೇಲೆ ಪದ ಪದ ಬರೆಯಿರಿ, ಅವರದ್ದು ನೀಲಿ, ನಿಮ್ಮದು ಕೆಂಪು. "ಮ್", "ಅಲ್ವಾ", ನಗು, ಮೌನ, ಯಾವುದನ್ನೂ ಬಿಡಬೇಡಿ. ಹತ್ತು ನಿಮಿಷ ಬರೆಯಲು ಒಂದೂವರೆ ಗಂಟೆ ಹಿಡಿಯುತ್ತದೆ, ಬೇಸರ ಬರುತ್ತದೆ, ಬರಲಿ. ನನ್ನ ಮೊದಲ ಹಾಳೆ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಹಾಗೆ ಕೆಂಪೋ ಕೆಂಪು.

ನಿಮ್ಮ ಪ್ರತಿ ಕೆಂಪು ಸಾಲಿನ ಪಕ್ಕ ಒಂದು ಗುರುತು ಹಾಕಿ. ಇದು ಅವರು ಹೇಳಿದ್ದರಿಂದ ಬಂತೋ, ನನ್ನ ಚಟದಿಂದ ಬಂತೋ? ತಿಂಗಳಿಗೊಂದು ಹೀಗೆ ಮಾಡಿ, ಹಿರಿಯರೊಬ್ಬರಿಗೆ ತೋರಿಸಿ. ಮೇಲ್ವಿಚಾರಣೆ ಇಲ್ಲದೆ ಕೆಲಸ ಮಾಡಬೇಡಿ. ನಾನು ಈಗಲೂ ಹದಿನೈದು ದಿನಕ್ಕೊಮ್ಮೆ ನನ್ನ ಹಾಳೆ ಹಿಡಿದು ಇನ್ನೊಬ್ಬರ ಮುಂದೆ ಕೂರುತ್ತೇನೆ.

ಎಲ್ಲಿ ಶೈಲಿ ನಡೆಯುವುದಿಲ್ಲ

ಕೆಲವು ಕಡೆ ನಿಮ್ಮ ಇಷ್ಟ, ನಿಮ್ಮ ಶೈಲಿ ಲೆಕ್ಕಕ್ಕಿಲ್ಲ. ಸಾಯುವ ಸುಳಿವು ಸಿಕ್ಕರೆ ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸಿದೆಯಾ?" ಕೇಳಿದರೆ ಆ ಯೋಚನೆ ಹುಟ್ಟಿಸಿದಂತಾಗುವುದಿಲ್ಲ. ನಮ್ಮ ಕಡೆ ತೋಟದವರ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇರುತ್ತದೆ. ಅದು ಎಲ್ಲಿದೆ, ಬೀಗ ಯಾರ ಕೈಯಲ್ಲಿದೆ ಎಂದು ಕೇಳಿ, ಮನೆಯವರೊಬ್ಬರನ್ನು ಕರೆಸಿ, ಅವತ್ತೇ ಮನೋವೈದ್ಯರಿಗೆ ಮುಟ್ಟಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ ಇದೆ. ಆತ್ಮಹತ್ಯೆಗೆ ಯತ್ನ ಮಾಡಿದವರ ಮನೆಯವರು ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ, ಇದನ್ನು ತಿಳಿಸಿ ಹೇಳಿ.

ಗುಟ್ಟು ಕಾಯುತ್ತೇನೆ ಎಂದು ಮೊದಲ ದಿನ ಹೇಳುವಾಗಲೇ ಯಾವಾಗ ಕಾಯಲಾಗುವುದಿಲ್ಲ ಎಂಬುದನ್ನೂ ಹೇಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಇನ್ನು, ಡಿಪ್ಲೊಮಾ ಮುಗಿಸಿ ಬೋರ್ಡಿನ ಮೇಲೆ "ಕ್ಲಿನಿಕಲ್ ಸೈಕಾಲಜಿಸ್ಟ್" ಎಂದು ಬರೆಸಬೇಡಿ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆಪ್ತಸಮಾಲೋಚಕ ಎಂಬ ಪದಕ್ಕೇನು ಕಡಿಮೆ?

ಒಂದು ಪುಟ

ವರ್ಷಕ್ಕೊಮ್ಮೆ ನಿಮ್ಮ ಶೈಲಿಯನ್ನು ಒಂದೇ ಪುಟದಲ್ಲಿ ಬರೆಯಿರಿ. ಆ ಮೂರು ಪ್ರಶ್ನೆಗಳಿಗೆ ಈ ವರ್ಷದ ಉತ್ತರ, ನನ್ನ ತವರು, ನಾನು ತಂದ ಸಾಲಗಳು, ನನ್ನ ಚಟ, ನಾನು ಯಾರನ್ನು ಬೇರೆಯವರಿಗೆ ಕಳಿಸುತ್ತೇನೆ. ಸೈಕಾಲಜಿ ಗೊತ್ತಿಲ್ಲದ ಅತ್ತಿಗೆಗೆ ಓದಿ ಹೇಳಿದರೆ ಅರ್ಥವಾಗಬೇಕು, ಅಷ್ಟು ತಿಳಿಯಾಗಿರಲಿ. ನಾನು ಜೂನ್ ತಿಂಗಳಲ್ಲಿ ಬರೆಯುತ್ತೇನೆ, ಶಾಲೆ ಶುರುವಾಗುವ ಅಭ್ಯಾಸ ಬಿಟ್ಟಿಲ್ಲ. ಹಳೆಯ ಪುಟಗಳನ್ನು ಹರಿಯುವುದಿಲ್ಲ. ಆರನೇ ಪುಟದ ತನಕ "ನನ್ನ ಚಟ: ಸಲಹೆ ಕೊಡುವುದು (ಈಗ ಕಡಿಮೆಯಾಗಿದೆ)" ಎಂದೇ ಇದೆ.

ಏಳನೆಯದರಲ್ಲಿ ಕಂಸ ಹೊಡೆದು ಹಾಕಿದೆ. ಕಾರಣ ಟೈಲರ್. ಹಸಿರು ರೇಷ್ಮೆಯ ಎರಡನೇ ತೋಳು ಕತ್ತರಿಸಿ ಆದ ಮೇಲೆ, ಇನ್ನು ಬರುವ ಅಗತ್ಯವಿಲ್ಲ ಎಂದು ಇಬ್ಬರೂ ಒಪ್ಪಿದ ದಿನ, ಬಾಗಿಲ ಹತ್ತಿರ ನಿಂತು ನಗುತ್ತಾ ಅಂದರು: "ಒಂದು ಹೇಳ್ಲಾ ಮೇಡಂ? ನೀವು ಪೆನ್ನಿನ ಕ್ಯಾಪ್ ತೆಗೆದ್ರೆ ನಂಗೆ ಗೊತ್ತಾಗೋದು, ಈಗ ಉಪಾಯ ಹೇಳ್ತಾರೆ ಅಂತ. ಅವಾಗೆಲ್ಲ ನಾನು ಸುಮ್ನೆ ಹೂಂ ಅನ್ನೋಳು."

ಈಗ ಪೆನ್ನು ಡ್ರಾಯರಿನಲ್ಲಿರುತ್ತದೆ. ಟಿಪ್ಪಣಿ ಬರೆಯುವುದು ಅವರು ಮೆಟ್ಟಿಲಿಳಿದು ಹೋದ ಮೇಲೆ.